ಹಳೆಯ ಕಾರಿನ ಸ್ಟೀರಿಂಗ್ ತೊಂದರೆ ಮತ್ತು ಮುಂಭಾಗದ ಕಟಕಟ ಶಬ್ದ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳನ್ನು ಹತ್ತು ವರ್ಷ ದಾಟಿದ, ಎಂಜಿನ್‌ನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವ, ಮುಂದೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಮಾದರಿಯ ಸಸ್ಪೆನ್ಶನ್ ಮತ್ತು ರ್‍ಯಾಕ್ ಅಂಡ್ ಪಿನಿಯನ್ (ಹಲ್ಲುಚಕ್ರವೊಂದು ಹಲ್ಲುಗಳ ಸರಳನ್ನು ಪಕ್ಕಕ್ಕೆ ತಳ್ಳುವ) ಸ್ಟೀರಿಂಗ್ ಇರುವ ಸಾಧಾರಣ ಕುಟುಂಬದ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ಕಾರಿನ ಮುಂಭಾಗದಿಂದ ಕಟಕಟ ಶಬ್ದ ಬರುತ್ತಿದೆ. ಓಡಿಸುವುದನ್ನು ನಿಲ್ಲಿಸಬೇಕೆ?

ಶಬ್ದ ಎಷ್ಟು ಜೋರಾಗಿದೆ ಎಂಬುದಕ್ಕೂ ಅಪಾಯಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಸವೆದ ಸ್ಟೆಬಿಲೈಜರ್ ಲಿಂಕ್ (ಕಾರು ವಾಲುವುದನ್ನು ತಗ್ಗಿಸುವ ಬಾರನ್ನು ಸಸ್ಪೆನ್ಶನ್‌ಗೆ ಜೋಡಿಸುವ ಕಡ್ಡಿ) ಪ್ರತಿ ಗುಂಡಿಗೂ ಸದ್ದು ಮಾಡಿ ತಲೆ ಚಿಟ್ಟು ಹಿಡಿಸಬಹುದು, ಆದರೆ ಅದರಿಂದ ಸ್ಟೀರಿಂಗ್ ಕೈತಪ್ಪುವುದಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಾದ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ (ಗುಂಡುಕೀಲು) ಮಾತ್ರ ಕಳಚುವ ಹಂತಕ್ಕೆ ಬಂದಿದ್ದರೂ ಆಗೊಮ್ಮೆ ಈಗೊಮ್ಮೆ ಮಂದವಾಗಿ ಸದ್ದು ಮಾಡಿ ಸುಮ್ಮನಾಗಿಬಿಡಬಹುದು; ಅದು ಕಳಚಿದರೆ ಚಕ್ರ ಓರೆಯಾಗಿ ಮಡಚಿಕೊಂಡು ಕಾರಿನ ಆ ಮೂಲೆ ನೆಲಕ್ಕೆ ಕುಸಿಯುತ್ತದೆ.

ಸ್ಟೀರಿಂಗ್‌ನ ಸಡಿಲ ಇದ್ದಕ್ಕಿದ್ದಂತೆ ಹೆಚ್ಚಿದ್ದರೆ, ತಿರುಗಿಸುವಾಗ ನಡುವೆ ಎಲ್ಲೋ ಹಿಡಿದುಕೊಂಡಂತಾದರೆ, ದೊಡ್ಡ ಗುಂಡಿಗೆ ಬಿದ್ದ ನಂತರ ನೇರ ರಸ್ತೆಯಲ್ಲೂ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತಿದ್ದರೆ ಅಥವಾ ಚಕ್ರ ಬಿಚ್ಚಿ ಹಾಕಿಸಿದ ಕೂಡಲೇ ಶಬ್ದ ಶುರುವಾಗಿದ್ದರೆ ಕಾರನ್ನು ಅಲ್ಲೇ ನಿಲ್ಲಿಸಿ ಪರೀಕ್ಷಿಸಬೇಕು. ಉಳಿದ ಶಬ್ದಗಳಿಗೆ ಕೆಲವು ದಿನಗಳ ಕಾಲಾವಕಾಶ ಇರುತ್ತದೆ, ಆದರೆ ಅವು ಯಾವುವು ಎಂದು ಗೊತ್ತಾದ ಮೇಲೆ ಮಾತ್ರ.

ಶಬ್ದ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ?

ಕಿವಿಯನ್ನು ಪೂರ್ತಿ ನಂಬಬಾರದು. ಕಾರಿನ ದೇಹವೆಲ್ಲ ತೆಳು ಉಕ್ಕಿನ ಹಾಳೆಯಾದ್ದರಿಂದ ಎಡಚಕ್ರದ ಶಬ್ದ ಬಲಗಾಲಿನ ಬಳಿ ಕೇಳಿಸುವುದೂ ಉಂಟು. ಶಬ್ದ ಎಲ್ಲಿ ಎಂದು ಹುಡುಕುವುದಕ್ಕಿಂತ ಯಾವಾಗ ಎಂದು ಗಮನಿಸುವುದೇ ಹೆಚ್ಚು ಫಲ ಕೊಡುತ್ತದೆ.

ಮೊದಲು ಸುಲಭದ ಕಾರಣಗಳನ್ನು ಬದಿಗೆ ಸರಿಸಿ. ಡಿಕ್ಕಿಯಲ್ಲಿರುವ ಜಾಕ್, ಪಾನಾ, ಸ್ಟೆಪ್ನಿಗಳನ್ನು ಹೊರಗಿಟ್ಟು ಒಮ್ಮೆ ಓಡಿಸಿ ನೋಡಿ. ಚಕ್ರದ ನಟ್‌ಗಳು ಬಿಗಿಯಾಗಿವೆಯೇ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಜೋತುಬಿದ್ದಿದೆಯೇ, ಸೈಲೆನ್ಸರ್ ಪೈಪ್ ದೇಹಕ್ಕೆ ತಾಗುತ್ತಿದೆಯೇ ಎಂದು ನೋಡಿ. ಇದಿಷ್ಟರಲ್ಲೇ ಮುಗಿದುಹೋಗುವ ದೂರುಗಳು ಕಡಿಮೆಯೇನಲ್ಲ.

ನಂತರ ನಿರ್ಜನ ರಸ್ತೆಯಲ್ಲಿ ಕಿಟಕಿ ಇಳಿಸಿ, ರೇಡಿಯೊ ನಿಲ್ಲಿಸಿ, ನಿಧಾನವಾಗಿ ಒಂದು ಹಂಪನ್ನು ಎರಡೂ ಚಕ್ರಗಳು ಒಟ್ಟಿಗೆ ಏರುವಂತೆ ದಾಟಿ, ಆಮೇಲೆ ಒಂದೇ ಬದಿಯ ಚಕ್ರ ಏರುವಂತೆ ದಾಟಿ. ಸ್ಟೆಬಿಲೈಜರ್ ಬಾರ್ ಎರಡು ಚಕ್ರಗಳು ಬೇರೆ ಬೇರೆಯಾಗಿ ಏರಿಳಿದಾಗ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಒಂಟಿ ಚಕ್ರ ಏರಿದಾಗ ಬರುವ ಶಬ್ದ ಎರಡೂ ಒಟ್ಟಿಗೆ ಏರಿದಾಗ ಇಲ್ಲವಾದರೆ ಸಂಶಯ ಅದರ ಲಿಂಕ್ ಅಥವಾ ಬುಷ್ (ಕೀಲಿನ ರಬ್ಬರ್ ಬಳೆ) ಮೇಲೆ ಹೋಗಬೇಕು. ಎರಡೂ ಸಂದರ್ಭದಲ್ಲಿ ಬಂದರೆ ಶಾಕ್ ಅಬ್ಸಾರ್ಬರ್, ಸ್ಟ್ರಟ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಕಾರಿನ ದೇಹಕ್ಕೆ ಹಿಡಿದಿಡುವ ಭಾಗ), ಲೋವರ್ ಆರ್ಮ್‌ಗಳತ್ತ ನೋಡಬೇಕು. ಒರಟು ರಸ್ತೆಯಲ್ಲಿ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿ ಹಿಡಿದಾಗ ಶಬ್ದ ಥಟ್ಟನೆ ನಿಂತರೆ ಅದು ಸಸ್ಪೆನ್ಶನ್‌ನದ್ದೇ ಆಗಿರಬೇಕೆಂದಿಲ್ಲ. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನಲ್ಲಿ ಬ್ರೇಕ್ ಪ್ಯಾಡ್‌ಗಳು ಅಲುಗುತ್ತಿರಬಹುದು, ಅಥವಾ ಕ್ಯಾಲಿಪರ್ ಜಾರುವ ಪಿನ್‌ಗಳು ಸವೆದಿರಬಹುದು. ಈ ಕೊನೆಯ ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಪ್ಯಾಡ್‌ನ ಒಂದು ಸಣ್ಣ ಕ್ಲಿಪ್ ಹಾಕಿದ್ದರೆ ಹೋಗುತ್ತಿದ್ದ ಶಬ್ದಕ್ಕೆ ಎರಡು ಹೊಸ ಲೋವರ್ ಆರ್ಮ್ ಕೂರುವುದು ಹೀಗೆಯೇ.

ಸ್ಟೆಬಿಲೈಜರ್ ಲಿಂಕ್ ಕೆಟ್ಟಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮುಂದಿನ ಚಕ್ರದ ಹಿಂದೆ, ಎರಡು ತುದಿಗೂ ಸಣ್ಣ ಬಾಲ್ ಜಾಯಿಂಟ್ ಇರುವ ಕಡ್ಡಿಯೇ ಲಿಂಕ್. ಅದರ ತುದಿಯ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಕಾರನ್ನು ಪಕ್ಕಕ್ಕೆ ತೂಗಾಡಿಸಿದರೆ ಸವೆದ ಜಾಯಿಂಟ್‌ನ ಬಡಿತ ಬೆರಳಿಗೆ ನೇರವಾಗಿ ತಿಳಿಯುತ್ತದೆ. ಲಿಂಕನ್ನು ಬಿಚ್ಚಿಟ್ಟು ಅದೇ ಹಂಪನ್ನು ಅದೇ ನಿಧಾನದಲ್ಲಿ ಇನ್ನೊಮ್ಮೆ ದಾಟಿ ನೋಡುವುದು ಇನ್ನೂ ಖಚಿತವಾದ ಪರೀಕ್ಷೆ. ಲಿಂಕ್ ಇಲ್ಲದ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆಯಾದ್ದರಿಂದ ಈ ಸ್ಥಿತಿಯಲ್ಲಿ ವೇಗವಾಗಿ ಓಡಿಸಬಾರದು.

ಕಾರು ನಿಂತಿರುವಾಗಲೇ ಸ್ಟೀರಿಂಗ್ ತಿರುಗಿಸಿದರೆ ‘ಟಣ್’ ಎಂಬ ಶಬ್ದ ಬರುತ್ತದೆ. ಏಕೆ?

ಸ್ಟೀರಿಂಗ್ ತಿರುಗಿಸಿದಾಗ ಸ್ಟ್ರಟ್ ಮತ್ತು ಅದರ ಸ್ಪ್ರಿಂಗ್ ಎರಡೂ ಮೇಲಿನ ಬೇರಿಂಗ್ ಮೇಲೆ ಸರಾಗವಾಗಿ ತಿರುಗಬೇಕು. ಆ ಬೇರಿಂಗ್ ತುಕ್ಕು ಹಿಡಿದು ಬಿಗಿಯಾದರೆ ಸ್ಪ್ರಿಂಗ್ ತಿರುಗದೆ ಮುರಿಗೆ ಬಿದ್ದು, ಒಂದು ಹಂತದಲ್ಲಿ ಹಾರಿ ಬಿಡಿಸಿಕೊಳ್ಳುತ್ತದೆ. ಆ ಕ್ಷಣದ ಸದ್ದೇ ‘ಟಣ್’. ಒಬ್ಬರು ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸುತ್ತಿರುವಾಗ ಸ್ಪ್ರಿಂಗ್‌ನ ಹೊರಮೈಗೆ ಅಂಗೈ ತಾಗಿಸಿದರೆ ಅದು ಕದಲದೆ ನಿಂತು ಆಮೇಲೆ ಒಮ್ಮೆಲೇ ಜಿಗಿಯುವುದು ಗೊತ್ತಾಗುತ್ತದೆ. ಸ್ಪ್ರಿಂಗ್‌ನ ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಸ್ಪ್ರಿಂಗ್‌ನ ಕೆಳತುದಿ ಮುರಿದಿದ್ದರೂ ಇದೇ ರೀತಿಯ ಶಬ್ದ ಬರುವುದರಿಂದ ಟಾರ್ಚ್ ಹಿಡಿದು ಅದನ್ನೂ ನೋಡಬೇಕು. ಮುರಿದ ತುದಿ ಟಯರಿಗೆ ಚುಚ್ಚಿ ಅದನ್ನು ಸೀಳಬಲ್ಲದು.

ಪೂರ್ತಿ ತಿರುಗಿಸಿ ಹೊರಟಾಗ ‘ಕಟ್ ಕಟ್ ಕಟ್’ ಎಂದರೆ?

ಶಬ್ದ ಚಕ್ರದ ವೇಗಕ್ಕೆ ತಕ್ಕಂತೆ ಲಯಬದ್ಧವಾಗಿದ್ದು, ಎಕ್ಸಲರೇಟರ್ ಒತ್ತಿದಾಗ ಹೆಚ್ಚಾದರೆ ಅದು ಎಂಜಿನ್‌ನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಹೊರಗಿನ ಸಿವಿ ಜಾಯಿಂಟ್ (ಚಕ್ರ ತಿರುಗಿದ್ದಾಗಲೂ ಶಕ್ತಿ ದಾಟಿಸುವ ಕೀಲು). ಸಾಮಾನ್ಯವಾಗಿ ಅದರ ರಬ್ಬರ್ ಬೂಟ್ ಮೊದಲೇ ಹರಿದಿರುತ್ತದೆ, ಒಳಗಿನ ಗ್ರೀಸ್ ಚಕ್ರದ ಒಳಮೈಗೆಲ್ಲ ಸಿಡಿದಿರುತ್ತದೆ. ಬೂಟ್ ಹರಿದ ಹೊಸತರಲ್ಲೇ ಕಂಡರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕು. ಶಬ್ದ ಶುರುವಾದ ಮೇಲೆ ಜಾಯಿಂಟನ್ನೇ ಬದಲಿಸಬೇಕು.

ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟು ಹೊರಟಾಗ ಒಮ್ಮೆ ‘ಧಡ್’ ಎನ್ನುತ್ತದೆ. ಇದು ಯಾವುದು?

ಬಹುಮಟ್ಟಿಗೆ ಲೋವರ್ ಆರ್ಮ್‌ನ ಹಿಂದಿನ ಬುಷ್. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ತಳ್ಳಲ್ಪಡುತ್ತದೆ, ಹೊರಟಾಗ ಮುಂದಕ್ಕೆ. ಈ ಎರಡು ಬಲಗಳನ್ನೂ ತಡೆಯುವ ದೊಡ್ಡ ರಬ್ಬರ್ ಬುಷ್ ಹರಿದಿದ್ದರೆ ಆರ್ಮ್ ಹಿಂದೆ ಮುಂದೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ. ಇಂಥ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಒಂದು ಬದಿಗೆ ಸರಿಯುವುದನ್ನೂ ಗಮನಿಸಬಹುದು. ಗೇರ್ ಬದಲಿಸುವಾಗ ಅಥವಾ ರಿವರ್ಸ್‌ಗೆ ಹಾಕಿದಾಗಲೂ ಅದೇ ಶಬ್ದವಿದ್ದರೆ ಎಂಜಿನ್ ಮೌಂಟ್‌ಗಳನ್ನು ಪರೀಕ್ಷಿಸಬೇಕು: ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಮತ್ತು ಪೆಡಲ್ ಎರಡನ್ನೂ ಬಿಗಿಯಾಗಿ ಹಿಡಿದು, ಕಾರಿನ ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಗೇರ್ ಹಾಕಿ ಕ್ಲಚ್ಚನ್ನು ತುಸುವೇ ಬಿಟ್ಟರೆ ಎಂಜಿನ್ ಎಷ್ಟು ಎದ್ದು ಕೂರುತ್ತದೆ ಎಂಬುದು ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ.

ಸ್ಟೀರಿಂಗ್‌ನಲ್ಲಿ ಎಷ್ಟು ಪ್ಲೇ (ಸಡಿಲ) ಇದ್ದರೆ ಸರಿ?

ಚಕ್ರಗಳು ನೇರವಾಗಿದ್ದು ಎಂಜಿನ್ ಚಾಲೂ ಇರುವಾಗ ಸ್ಟೀರಿಂಗನ್ನು ಬೆರಳಿನಿಂದ ಎಡಬಲಕ್ಕೆ ಆಡಿಸಿ, ಮುಂದಿನ ಟಯರ್ ಕದಲುವ ಮೊದಲು ಅದರ ಅಂಚು ಎಷ್ಟು ಸರಿಯುತ್ತದೆ ಎಂದು ಅಳೆಯಬೇಕು. ಹಲವು ಕಾರುಗಳ ಕೈಪಿಡಿಗಳು ಗರಿಷ್ಠ ಮಿತಿಯನ್ನು 30 ಮಿಲಿಮೀಟರ್ ಎಂದು ಕೊಡುತ್ತವೆ. ಒಳ್ಳೆಯ ಸ್ಥಿತಿಯ ಕಾರಿನಲ್ಲಿ ಅದು ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ಆದ್ದರಿಂದ 30ರ ಒಳಗಿದೆ ಎಂಬ ಸಮಾಧಾನಕ್ಕಿಂತ ಕಳೆದ ವರ್ಷಕ್ಕಿಂತ ಹೆಚ್ಚಿದೆಯೇ ಎಂಬ ಪ್ರಶ್ನೆಯೇ ಮುಖ್ಯ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಯಾವುವು?

ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿ, ಕಾರಿನ ದೇಹಕ್ಕೆ ಸ್ಟ್ಯಾಂಡ್ ಆಸರೆ ಕೊಡಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು.

ಟಯರನ್ನು ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ಜಾಗದಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಆಡಿಸಿ. ಇಲ್ಲಿ ಸಡಿಲ ಕಂಡರೆ ಟೈ ರಾಡ್ (ಸ್ಟೀರಿಂಗ್‌ನ ತಳ್ಳುವಿಕೆಯನ್ನು ಚಕ್ರಕ್ಕೆ ಮುಟ್ಟಿಸುವ ಕಡ್ಡಿ) ಎಂಡ್ ಅಥವಾ ರ್‍ಯಾಕ್‌ನೊಳಗಿನ ತುದಿಯ ಜಾಯಿಂಟ್ ಸವೆದಿದೆ. ಹೊರಗಿನದ್ದನ್ನು ಕಣ್ಣಿನಿಂದಲೇ ನೋಡಬಹುದು. ಒಳಗಿನದ್ದು ಸುಕ್ಕುಸುಕ್ಕಾದ ರಬ್ಬರ್ ಬೂಟ್‌ನೊಳಗೆ ಅಡಗಿರುವುದರಿಂದ ಬೂಟನ್ನು ಹಿಂಡಿ ಬೆರಳಿಗೆ ಬಡಿತ ಸಿಗುತ್ತದೆಯೇ ಎಂದು ನೋಡಬೇಕು. ನಂತರ ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಹಿಡಿದು ಆಡಿಸಿ. ಸಡಿಲವಿದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಆಡಿಸಿ: ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ವೀಲ್ ಬೇರಿಂಗ್, ಹಾಗೆಯೇ ಉಳಿದರೆ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್‌ನ ಸಡಿಲ ಕೈಬಲಕ್ಕೆ ಸಿಗದೆಯೂ ಇರಬಹುದು; ಆರ್ಮ್‌ಗೂ ಚಕ್ರದ ಗೆಣ್ಣಿಗೂ (ಚಕ್ರವನ್ನು ಹೊತ್ತಿರುವ ಲೋಹದ ಭಾಗ) ನಡುವೆ ಸಬ್ಬಲ್ ಕೊಟ್ಟು ಮೀಟಿದರೆ ಅದು ಬಯಲಾಗುತ್ತದೆ, ಮತ್ತು ಆ ಕೆಲಸವನ್ನು ಲಿಫ್ಟ್ ಇರುವಲ್ಲಿ ಮಾಡಿಸುವುದೇ ಲೇಸು.

ನಾಲ್ಕೂ ಚಕ್ರ ನೆಲದ ಮೇಲಿರುವಾಗ ಒಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಎಡಬಲಕ್ಕೆ ಆಡಿಸುತ್ತಿದ್ದರೆ, ಸ್ಟೀರಿಂಗ್ ಕಂಬದಿಂದ ಟೈ ರಾಡ್‌ವರೆಗಿನ ಒಂದೊಂದು ಕೀಲನ್ನೂ ಹೊರಗಿನಿಂದ ಗಮನಿಸುವುದು ಇನ್ನೊಂದು ಪರೀಕ್ಷೆ. ನನ್ನ ಮಟ್ಟಿಗೆ ಇದರಷ್ಟು ಉಪಯುಕ್ತವಾದದ್ದು ಬೇರಿಲ್ಲ, ಏಕೆಂದರೆ ಕಾರಿನ ನಿಜವಾದ ಭಾರ ಕೀಲುಗಳ ಮೇಲೆ ಇದ್ದಂತೆಯೇ ಸಡಿಲ ಕಾಣಿಸುತ್ತದೆ.

ಒರಟು ರಸ್ತೆಯಲ್ಲಿ ಬಡಿತ ಸ್ಟೀರಿಂಗ್ ಹಿಡಿದ ಕೈಗೇ ಬರುತ್ತದೆ. ರ್‍ಯಾಕ್ ಹೋಗಿದೆ ಎನ್ನುತ್ತಾರೆ. ನಿಜವೇ?

ಇರಬಹುದು, ಆದರೆ ರ್‍ಯಾಕ್ ದುಬಾರಿಯ ಭಾಗವಾದ್ದರಿಂದ ಆ ತೀರ್ಮಾನ ಕೊನೆಯಲ್ಲಿ ಬರಬೇಕೇ ಹೊರತು ಮೊದಲಲ್ಲ. ಸ್ಟೀರಿಂಗ್ ಕಂಬಕ್ಕೂ ರ್‍ಯಾಕ್‌ಗೂ ನಡುವಿನ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ ಸವೆದರೂ, ಒಳಗಿನ ಟೈ ರಾಡ್ ಸವೆದರೂ, ರ್‍ಯಾಕನ್ನು ಹಿಡಿದಿರುವ ಬೋಲ್ಟ್‌ಗಳು ಸಡಿಲವಾದರೂ ಇದೇ ಬಡಿತ ಬರುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕೆಲವು ಕಾರುಗಳಲ್ಲಿ ಮೋಟರ್‌ನ ತುದಿಯ ರಬ್ಬರ್ ಕಪ್ಲಿಂಗ್ ಪುಡಿಯಾಗಿ, ನಿಂತಲ್ಲೇ ಸ್ಟೀರಿಂಗ್ ಆಡಿಸಿದರೂ ‘ಟಕ್ ಟಕ್’ ಎನ್ನುತ್ತದೆ.

ರ್‍ಯಾಕ್‌ನಲ್ಲಿ ಬಿಗಿ ಹೊಂದಿಸುವ ಒಂದು ನಟ್ ಇರುತ್ತದೆ, ಅದನ್ನು ತಿರುಗಿಸಿದರೆ ಶಬ್ದ ಕಡಿಮೆಯಾಗುವುದೂ ನಿಜ. ಆದರೆ ರ್‍ಯಾಕ್‌ನ ಹಲ್ಲುಗಳು ನೇರ ಓಟದ ನಡುಭಾಗದಲ್ಲಿ ಹೆಚ್ಚು ಸವೆದು, ತುದಿಗಳಲ್ಲಿ ಹೊಸದರಂತೆಯೇ ಇರುತ್ತವೆ. ನಡುಭಾಗದ ಸಡಿಲ ಹೋಗುವಷ್ಟು ಬಿಗಿ ಮಾಡಿದರೆ ತಿರುವಿನಲ್ಲಿ ರ್‍ಯಾಕ್ ಹಿಡಿದುಕೊಂಡು ಸ್ಟೀರಿಂಗ್ ತಾನಾಗಿ ಹಿಂದಿರುಗುವುದಿಲ್ಲ. ಅಂಥ ಕಾರಿಗಿಂತ ಬಡಿತವಿರುವ ಕಾರೇ ವಾಸಿ.

ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಭಾರವಾಗಿದೆ, ಗುಂಯ್‌ಗುಟ್ಟುತ್ತದೆ. ಏನು ಮಾಡಬೇಕು?

ಕಾರುಗಳಲ್ಲಿ ಹೈಡ್ರಾಲಿಕ್ ಪವರ್ ಸ್ಟೀರಿಂಗ್ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್‌ನೊಂದಿಗೆ ಮಾರುಕಟ್ಟೆಗೆ ಬಂತು, ಮತ್ತು ಅದರ ತತ್ತ್ವ ಇಂದಿಗೂ ಅದೇ: ಪಂಪ್ ಎಣ್ಣೆಗೆ ಒತ್ತಡ ಕೊಡುತ್ತದೆ, ಆ ಒತ್ತಡ ರ್‍ಯಾಕನ್ನು ತಳ್ಳಲು ನೆರವಾಗುತ್ತದೆ. ಹೀಗಾಗಿ ಮೊದಲು ನೋಡಬೇಕಾದದ್ದು ಎಣ್ಣೆಯ ಮಟ್ಟ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಏಕೆಂದರೆ ಈ ಎಣ್ಣೆ ಖರ್ಚಾಗುವಂಥದ್ದಲ್ಲ. ಪೈಪ್‌ಗಳಲ್ಲಿ ಒದ್ದೆ ಕಾಣದಿದ್ದರೆ ರ್‍ಯಾಕ್‌ನ ತುದಿಯ ಬೂಟ್‌ಗಳನ್ನು ಹಿಂಡಿ ನೋಡಿ. ಒಳಗಿನ ಸೀಲ್ ಸೋರಿದರೆ ಎಣ್ಣೆ ಅಲ್ಲಿ ಶೇಖರವಾಗುತ್ತದೆ.

ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ. ಪೂರ್ತಿ ತಿರುಗಿಸಿದಾಗ ಕಿರ್‍ರ್ ಎಂದರೆ ಪಂಪ್‌ನ ಬೆಲ್ಟ್ ಸಡಿಲವಾಗಿದೆ. ಒಂದು ಬದಿಗೆ ಮಾತ್ರ ಭಾರವಾದರೆ, ಅಥವಾ ಬೆಳಿಗ್ಗೆ ತಣ್ಣಗಿರುವಾಗ ಭಾರವಾಗಿದ್ದು ಬಿಸಿಯಾದ ಮೇಲೆ ಹಗುರವಾದರೆ ರ್‍ಯಾಕ್‌ನೊಳಗಿನ ಸೀಲ್‌ಗಳ ಮೇಲೆ ಸಂಶಯ ಪಡಬಹುದು. ಎಣ್ಣೆ ತುಂಬುವಾಗ ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಬೇಕು. ಕೆಲವು ಕಾರುಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ ಆಗುತ್ತದೆ, ಕೆಲವಕ್ಕೆ ಅದೇ ಎಣ್ಣೆ ಸೀಲ್ ಕೆಡಿಸುತ್ತದೆ. ಸ್ಟೀರಿಂಗನ್ನು ಕೊನೆಯ ತುದಿಗೆ ತಿರುಗಿಸಿ ಹಿಡಿದಿಡುವ ಅಭ್ಯಾಸ ಪಂಪನ್ನು ಬಿಸಿ ಮಾಡುತ್ತದೆ. ಆ ತುದಿಯಲ್ಲಿ ಕ್ಷಣಕಾಲ ಬರುವ ನರಳಾಟ ಮಾತ್ರ ಸಹಜವಾದದ್ದು.

ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಆಗಾಗ ಭಾರವಾಗಿ ದೀಪ ಹೊತ್ತಿಕೊಳ್ಳುತ್ತದೆ. ಮೋಟರ್ ಬದಲಿಸಬೇಕೆ?

ಆತುರ ಬೇಡ. 1988ರಲ್ಲಿ ಸುಜುಕಿಯ ಪುಟ್ಟ ಕಾರೊಂದರಲ್ಲಿ ಮೊದಲು ಬಂದ ಈ ವ್ಯವಸ್ಥೆ ಬ್ಯಾಟರಿಯಿಂದ ಸಾಕಷ್ಟು ವಿದ್ಯುತ್ ಎಳೆಯುತ್ತದೆ. ದುರ್ಬಲ ಬ್ಯಾಟರಿ, ಸರಿಯಾಗಿ ಚಾರ್ಜ್ ಮಾಡದ ಆಲ್ಟರ್ನೇಟರ್, ತುಕ್ಕು ಹಿಡಿದ ಅರ್ಥ್ ತಂತಿ ಇವುಗಳಲ್ಲಿ ಯಾವುದಿದ್ದರೂ ವೋಲ್ಟೇಜ್ ಕುಸಿದು ನೆರವು ನಿಲ್ಲುತ್ತದೆ. ಬಹಳ ಹೊತ್ತು ಹಿಂದೆ ಮುಂದೆ ಮಾಡಿ ಪಾರ್ಕಿಂಗ್ ಮಾಡಿದಾಗ ಮೋಟರ್ ಬಿಸಿಯಾಗಿ ನೆರವನ್ನು ತಾನೇ ತಗ್ಗಿಸುವುದೂ ಇದೆ. ತಣ್ಣಗಾದ ಮೇಲೆ ಅದು ಸರಿಹೋಗುತ್ತದೆ. ಇವೆಲ್ಲ ಸರಿಯಿದ್ದೂ ದೀಪ ಉರಿದರೆ ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿಸಬೇಕು. ಬಹಳ ಸಲ ಅದು ಸ್ಟೀರಿಂಗ್ ಮೇಲೆ ಕೈ ಹಾಕುವ ಬಲವನ್ನು ಅಳೆಯುವ ಟಾರ್ಕ್ ಸೆನ್ಸರ್‌ನತ್ತ ಕೈ ತೋರಿಸುತ್ತದೆ. ನೆರವು ನಿಂತರೂ ಸ್ಟೀರಿಂಗ್‌ಗೂ ಚಕ್ರಕ್ಕೂ ಇರುವ ಲೋಹದ ಸಂಪರ್ಕ ಹಾಗೆಯೇ ಇರುವುದರಿಂದ ಹೆಚ್ಚು ಬಲ ಹಾಕಿ ತಿರುಗಿಸಬಹುದು. ಗಾಬರಿಯಾಗಿ ನಡುರಸ್ತೆಯಲ್ಲಿ ಸ್ಟೀರಿಂಗ್ ಬಿಡಬಾರದು.

ಒಂದೇ ಸುತ್ತಿನಲ್ಲಿ ಸ್ಟೀರಿಂಗ್ ಎರಡು ಸಲ ಭಾರ, ಎರಡು ಸಲ ಹಗುರವಾಗುತ್ತದೆ. ಏಕೆ?

ಸ್ಟೀರಿಂಗ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ ಒಣಗಿ ಅಥವಾ ತುಕ್ಕು ಹಿಡಿದು ಬಿಗಿಯಾಗಿದೆ. ಈ ಲಕ್ಷಣ ಎಷ್ಟು ಸ್ಪಷ್ಟವೋ ಅಷ್ಟೇ ಹೆಚ್ಚಾಗಿ ಅದನ್ನು ಪಂಪ್ ಅಥವಾ ಮೋಟರ್‌ನ ತಲೆಗೆ ಕಟ್ಟಲಾಗುತ್ತದೆ.

ಕಾರು ಒಂದು ಬದಿಗೆ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದರೂ ಹೋಗಲಿಲ್ಲ.

ಎಲ್ಲ ಎಳೆತಕ್ಕೂ ಅಲೈನ್‌ಮೆಂಟ್ ಕಾರಣವಲ್ಲ. ಟಯರ್‌ಗಳ ಗಾಳಿ ಸಮನಾಗಿದೆಯೇ ನೋಡಿ, ನಂತರ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ಎಳೆತ ಇನ್ನೊಂದು ಬದಿಗೆ ಹೋದರೆ ದೋಷ ಟಯರಿನ ಒಳಕಟ್ಟಿನಲ್ಲಿದೆ. ಟಯರ್ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಹಾಗೆ ಅದಲುಬದಲು ಮಾಡದೆ, ಅದೇ ಬದಿಯ ಹಿಂದಿನ ಚಕ್ರದೊಂದಿಗೆ ಬದಲಿಸಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಒಂದೇ ಚಕ್ರದ ಬಳಿ ಹೆಚ್ಚು ಕಾವು ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ರಸ್ತೆಯೇ ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುವುದರಿಂದ ಆ ಕಡೆಗೆ ಬರುವ ಅಲ್ಪ ಎಳೆತವನ್ನು ದೋಷವೆಂದು ಎಣಿಸಬಾರದು.

ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ.

ಗಂಟೆಗೆ 80ರಿಂದ 110 ಕಿಲೋಮೀಟರ್ ನಡುವೆ ನಡುಗಿ ಆಮೇಲೆ ಕಡಿಮೆಯಾದರೆ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್. ಬ್ಯಾಲೆನ್ಸ್ ಮಾಡಿಸಿದರೂ ನಡುಕ ಉಳಿದಿದ್ದರೆ ಟಯರ್ ಉಬ್ಬಿದೆಯೇ, ರಿಮ್ ಬಾಗಿದೆಯೇ ಎಂದು ಚಕ್ರವನ್ನು ತಿರುಗಿಸುತ್ತಾ ನೋಡಬೇಕು.

ನಮ್ಮ ಕಾರು ಓಡಿದ್ದೇ ಕಡಿಮೆ. ಆದರೂ ಬುಷ್‌ಗಳು ಹೋಗಿವೆ ಎನ್ನುತ್ತಾರೆ.

ಲೋಹ ಸವೆಯುವುದು ಓಟದಿಂದ, ರಬ್ಬರ್ ಕೆಡುವುದು ಕಾಲದಿಂದಲೂ ಹೌದು. ಬಿಸಿಲು, ಎಂಜಿನ್‌ನ ಕಾವು, ಗಾಳಿಯಲ್ಲಿನ ಓಝೋನ್, ಸೋರಿದ ಎಣ್ಣೆ ಇವು ನಿಂತ ಕಾರಿನ ಬುಷ್, ಬೂಟ್, ಟಯರ್‌ಗಳನ್ನೂ ಮೇಜಿನ ಡ್ರಾಯರಿನಲ್ಲಿ ಮರೆತ ರಬ್ಬರ್ ಬ್ಯಾಂಡಿನಂತೆ ಬಿರುಕು ಬಿಡಿಸುತ್ತವೆ. ಟಯರಿನ ವಯಸ್ಸನ್ನು ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಿಂದ ತಿಳಿಯಬಹುದು: 2319 ಎಂದರೆ 2019ರ 23ನೇ ವಾರ.

ಬುಷ್‌ಗೆ ಎಣ್ಣೆ ಅಥವಾ ಸ್ಪ್ರೇ ಹೊಡೆದರೆ ಶಬ್ದ ನಿಲ್ಲುತ್ತದೆಯಲ್ಲ?

ಕೆಲವು ದಿನ ನಿಲ್ಲುತ್ತದೆ. ಎಂಜಿನ್ ಎಣ್ಣೆ, ಡೀಸೆಲ್‌ನಂಥವು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುವುದರಿಂದ ಆಮೇಲೆ ಬುಷ್ ಬೇಗ ಹರಿಯುತ್ತದೆ. ಕಿರುಗುಟ್ಟುವ ಶಬ್ದ ಯಾವ ಬುಷ್‌ನದ್ದು ಎಂದು ಪತ್ತೆ ಮಾಡಲು ಒಂದೊಂದಕ್ಕೇ ಬರೀ ನೀರು ಚಿಮುಕಿಸಿ ಕಾರನ್ನು ಅದುಮಿ ನೋಡಿ. ಶಬ್ದ ನಿಂತ ಜಾಗವೇ ಉತ್ತರ.

ಒಂದು ಬದಿಯ ಭಾಗವನ್ನು ಮಾತ್ರ ಬದಲಿಸಬಹುದೇ?

ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಇಲ್ಲವಾದರೆ ಎರಡು ಬದಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲಿಂಕ್‌ಗಳನ್ನು ಒಂದೇ ಬದಿಗೆ ಬದಲಿಸಿದರೆ ತೊಂದರೆಯಿಲ್ಲ, ಆದರೆ ಇನ್ನೊಂದರ ಸ್ಥಿತಿಯನ್ನು ನೋಡದೆ ಬಿಡಬಾರದು. ಬಾಲ್ ಜಾಯಿಂಟ್ ಮತ್ತು ಟೈ ರಾಡ್‌ಗಳನ್ನು ಗುಜರಿಯಿಂದ ತಂದು ಹಾಕಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೊಸ ಬುಷ್ ಹಾಕಿಸುವವರು ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು: ಚಕ್ರ ನೇತಾಡುತ್ತಿರುವಾಗ ಆರ್ಮ್‌ನ ಬೋಲ್ಟನ್ನು ಕೊನೆಯ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಕೆಳಗಿಳಿದ ಕ್ಷಣದಿಂದಲೇ ರಬ್ಬರ್ ಮುರಿಗೆಯಲ್ಲಿ ಸಿಕ್ಕಿಕೊಂಡು ಸ್ವಲ್ಪ ಕಾಲದಲ್ಲೇ ಹರಿದುಹೋಗುತ್ತದೆ. ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಕೊನೆಯ ಬಿಗಿ ಆಗಬೇಕು. ‘ಹೊಸ ಬುಷ್ ವರ್ಷವೂ ಬಾಳಲಿಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ.

ಎಲ್ಲವನ್ನೂ ಒಂದೇ ಸಲ ಮಾಡಿಸಲು ಆಗುವುದಿಲ್ಲ. ಯಾವುದು ಮೊದಲು?

ಬಾಲ್ ಜಾಯಿಂಟ್, ಟೈ ರಾಡ್ ಮತ್ತು ಟಯರ್‌ಗಳು ಮುಂದೂಡಲಾಗದವು. ವೀಲ್ ಬೇರಿಂಗ್ ಮತ್ತು ಹರಿದ ಲೋವರ್ ಆರ್ಮ್ ಬುಷ್ ನಂತರ. ಶಾಕ್ ಅಬ್ಸಾರ್ಬರ್ ಮತ್ತು ಸ್ಟ್ರಟ್ ಮೌಂಟನ್ನು ಒಟ್ಟಿಗೇ ಮಾಡಿಸಿದರೆ ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಸ್ಟೆಬಿಲೈಜರ್ ಲಿಂಕ್ ಎಷ್ಟೇ ಗದ್ದಲ ಮಾಡಿದರೂ ಸಾಲಿನ ಕೊನೆಯಲ್ಲಿ ನಿಲ್ಲಬಲ್ಲದು. ಅಲೈನ್‌ಮೆಂಟ್ ಇವೆಲ್ಲ ಮುಗಿದ ಮೇಲೆ: ಕೀಲುಗಳಲ್ಲಿ ಸಡಿಲ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಗ್ಯಾರೇಜಿನ ಗೇಟು ದಾಟುವವರೆಗೂ ನಿಲ್ಲುವುದಿಲ್ಲ, ಮತ್ತು ಟೈ ರಾಡ್ ಬದಲಿಸಿದಾಗ ಚಕ್ರದ ಟೋ ಅಳತೆ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಹೇಗೂ ಬದಲಾಗಿರುತ್ತದೆ.

ಮೆಕ್ಯಾನಿಕ್‌ಗೆ ಏನೆಂದು ಹೇಳಬೇಕು?

‘ಲಿಂಕ್ ಬದಲಿಸಿ’ ಎಂದು ಭಾಗದ ಹೆಸರು ಹೇಳಿದರೆ ಅವರು ಲಿಂಕ್ ಬದಲಿಸುತ್ತಾರೆ. ಶಬ್ದ ಉಳಿದರೆ ಅದು ಅವರ ತಪ್ಪಲ್ಲ. ‘ನಿಧಾನವಾಗಿ ಹೋಗುವಾಗ, ಎಡಚಕ್ರ ಗುಂಡಿಗೆ ಇಳಿದಾಗ ಮಾತ್ರ ಬರುತ್ತದೆ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ’ ಎಂಬಂತೆ ಲಕ್ಷಣ ಹೇಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಬ್ದ ಬರುವ ರಸ್ತೆಯಲ್ಲೇ ಓಡಿಸಿ ತೋರಿಸಿ. ಕಾರು ಲಿಫ್ಟ್ ಮೇಲಿರುವಾಗ ಸಡಿಲವನ್ನು ಕಣ್ಣಾರೆ ತೋರಿಸುವಂತೆ ಕೇಳುವುದರಲ್ಲಿ ತಪ್ಪೇನಿಲ್ಲ, ಬಿಚ್ಚಿದ ಹಳೆಯ ಭಾಗವನ್ನು ಕೇಳುವುದರಲ್ಲೂ ಇಲ್ಲ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಿಸುವುದಿಲ್ಲ.

ರಿಪೇರಿ ಆದ ಮೇಲೆ ಹೊಸದೊಂದು ಶಬ್ದ ಶುರುವಾಗಿದೆ.

ಬಿಚ್ಚಿ ಜೋಡಿಸಿದ ಜಾಗವನ್ನೇ ಮೊದಲು ನೋಡಬೇಕು. ಸ್ಟ್ರಟ್‌ನ ಮೇಲಿನ ನಟ್, ಲಿಂಕ್‌ನ ನಟ್, ಕ್ಯಾಲಿಪರ್ ಬೋಲ್ಟ್ ಇವುಗಳಲ್ಲಿ ಒಂದು ಅರ್ಧ ಬಿಗಿಯಾಗಿ ಉಳಿದಿರುವ ಸಾಧ್ಯತೆ ಹೆಚ್ಚು. ಸ್ಪ್ರಿಂಗ್‌ನ ತುದಿ ತನ್ನ ಕಚ್ಚಿನಲ್ಲಿ ಕೂರದಿದ್ದರೂ ತಿರುಗಿಸುವಾಗ ಸದ್ದು ಬರುತ್ತದೆ. ಚಕ್ರದ ನಟ್‌ಗಳನ್ನು 50ರಿಂದ 100 ಕಿಲೋಮೀಟರ್ ಓಡಿದ ನಂತರ ಟಾರ್ಕ್ ರೆಂಚ್‌ನಿಂದ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಇನ್ನೊಮ್ಮೆ ಬಿಗಿ ಮಾಡಿಸಬೇಕು.